ಚೋರ್ಲಾ ಕಾಡನ್ನು ಬಲ್ಲವರು, ಕಡಲಿಗೆ ಬಿಟ್ಟು ಬರುವವರು: ಬೆಳಗಾವಿಯಿಂದ ಒಂದು ದಿನದ ಪ್ರವಾಸ ಸೇವೆ

ಸೆಪ್ಟೆಂಬರ್ ಕೊನೆಯ ಭಾನುವಾರ ನಾವು ಒಂಬತ್ತು ಜನ ಗೆಳೆಯರು ಬೆಳಗಾವಿಯ ಈ ಪ್ರವಾಸ ಸಂಸ್ಥೆಯ ಟೆಂಪೋ ಟ್ರಾವೆಲರ್‌ನಲ್ಲಿ ಚೋರ್ಲಾ ಘಾಟಿನ ಕಾಡನ್ನೂ ಉತ್ತರ ಗೋವಾದ ಕಲ್ಲು ಕರಾವಳಿಯನ್ನೂ ಒಂದೇ ದಿನದಲ್ಲಿ ನೋಡಿ ಬಂದೆವು. ತಲಾ 1,650 ರೂಪಾಯಿಯ ದರದಲ್ಲಿ ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ, ಕಾಡಿನ ಮಾರ್ಗದರ್ಶಕರ ಶುಲ್ಕ ಹಾಗೂ ಗೋವಾ ಪ್ರವೇಶದ ಪರ್ಮಿಟ್ ಎಲ್ಲವೂ ಸೇರಿದ್ದವು. ಹಳದಿ ಬೋರ್ಡಿನ ವಾಹನದಲ್ಲಿ ರಾಜ್ಯದ ಗಡಿ ದಾಟುವವರು ಈ ಪರ್ಮಿಟ್ಟಿನ ಮಾತನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಇವರು ನಾವು ಕೇಳುವ ಮೊದಲೇ ಕಾಗದ ತೋರಿಸಿದರು.

ಬೆಳಿಗ್ಗೆ ಐದೂವರೆಗೆ ಹೊರಟು, ಜಾಂಬೋಟಿಯಲ್ಲಿ ಚಹಾ ಕುಡಿದು, ಏಳೂವರೆಯ ಹೊತ್ತಿಗೆ ಕಣಕುಂಬಿ ತಲುಪಿದೆವು. ದಾರಿಯ ಗುಂಡಿಗಳು ಮಳೆನೀರು ತುಂಬಿ ಕಾಣದಂತಾಗಿದ್ದರೂ ಚಾಲಕರು ಒಮ್ಮೆಯೂ ಅವಸರ ಮಾಡಲಿಲ್ಲ. ಖಾನಾಪುರ ತಾಲ್ಲೂಕಿನವರೇ ಆದ ಮಾರ್ಗದರ್ಶಕರು ಕಣಕುಂಬಿಯಲ್ಲಿ ನಮ್ಮನ್ನು ಕೂಡಿಕೊಂಡರು. ಈ ಸೇವೆಯ ನಿಜವಾದ ಬೆಲೆ ಅವರೇ ಎಂದು ನಾನು ಹೇಳುತ್ತೇನೆ. ಮಾವುಲಿ ದೇವಸ್ಥಾನದ ಬಳಿ ಮಲಪ್ರಭೆಯ ಉಗಮವನ್ನು ತೋರಿಸುತ್ತ ಅವರು, "ಈ ಕಡೆ ಬಿದ್ದ ಮಳಿ ನಿಮ್ಮ ಬಯಲಸೀಮಿಗೆ ಹೋಗತೈತ್ರಿ, ಆ ಕಡೆ ಬಿದ್ದದ್ದು ಗೋವಾಕ್ಕ ಹೋಗತೈತ್ರಿ" ಎಂದರು. ಇಲ್ಲಿ ಹುಟ್ಟಿದ ಮಲಪ್ರಭೆಯು ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ಪಟ್ಟದಕಲ್ಲು, ಐಹೊಳೆಗಳ ಪಕ್ಕದಲ್ಲಿ ಹರಿದು, ಸುಮಾರು 300 ಕಿಲೋಮೀಟರ್ ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇದೇ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯಾದರೋ ಪಶ್ಚಿಮಕ್ಕೆ ತಿರುಗಿ ಪಣಜಿಯ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ನಮ್ಮೊಡನಿದ್ದ ಬಾಗಲಕೋಟೆಯ ಗೆಳೆಯ ಆ ತಣ್ಣನೆಯ ನೀರಿನಲ್ಲಿ ಕೈಯಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಅವನ ಜಿಲ್ಲೆಯ ಹೊಲಗಳಿಗೆ ಹರಿಯುವುದು ಇದೇ ನೀರು.

ಅಲ್ಲಿಂದ ಮುಂದೆ ಚೋರ್ಲಾ ಹಳ್ಳಿಯ ಸಮೀಪ ಎರಡೂವರೆ ತಾಸಿನ ಕಾಲ್ನಡಿಗೆ. ಅರಣ್ಯ ಇಲಾಖೆಯ ಅನುಮತಿಯನ್ನು ಸಂಸ್ಥೆಯವರು ಮುಂಚಿತವಾಗಿಯೇ ಪಡೆದಿದ್ದರು. ಕಡಲಿನಿಂದ ಬರುವ ನೈರುತ್ಯದ ಗಾಳಿ ಈ ಘಟ್ಟಕ್ಕೆ ತಾಗಿ ಮೇಲೇರಿ, ತಣಿದು, ತನ್ನ ನೀರನ್ನೆಲ್ಲ ಇಲ್ಲಿಯೇ ಸುರಿಸಿಬಿಡುವುದರಿಂದಲೇ ನಮ್ಮ ಪೂರ್ವದ ತಾಲ್ಲೂಕುಗಳು ಒಣಗಿರುತ್ತವೆ. ವರ್ಷಕ್ಕೆ 600 ಮಿಲಿಮೀಟರಿನಷ್ಟು ಮಳೆ ಕಾಣುವ ವಿಜಯಪುರದಿಂದ ಬಂದ ಗೆಳೆಯನಿಗೆ, ಮಳೆ ನಿಂತ ಮೇಲೂ ಎಲೆಗಳಿಂದ ತೊಟ್ಟಿಕ್ಕುತ್ತಲೇ ಇರುವ ಈ ಕಾಡು ನಂಬಲಾಗದ ಸಂಗತಿಯಾಗಿತ್ತು. ಮಾರ್ಗದರ್ಶಕರು ಮಂಗಟ್ಟೆಯ ರೆಕ್ಕೆಯ ಸದ್ದನ್ನು ನಮಗಿಂತ ಮೊದಲು ಕೇಳಿ ನಿಲ್ಲಿಸಿದರು, ಕೆಂಜಳಿಲಿನ ಗೂಡನ್ನು ತೋರಿಸಿದರು. ನಮ್ಮಲ್ಲೊಬ್ಬನು ಕುತೂಹಲದಿಂದ ಕಲ್ಲೊಂದನ್ನು ಮಗುಚಲು ಹೋದಾಗ ತಡೆದರು. ಎರೆಹುಳುವಿನಂತೆ ಕಾಣುವ, ಕಾಲಿಲ್ಲದ ಉಭಯವಾಸಿಗಳು ಇಂಥ ಕಲ್ಲುಗಳ ಅಡಿಯ ತೇವದಲ್ಲಿಯೇ ಬದುಕುತ್ತವೆಂದೂ, ಅವುಗಳಲ್ಲಿ ಮಹದಾಯಿಯ ಹೆಸರನ್ನು ಹೊತ್ತ ಪ್ರಭೇದವೊಂದನ್ನು ವಿಜ್ಞಾನಿಗಳು 2007ರಲ್ಲಷ್ಟೇ ಗುರುತಿಸಿದರೆಂದೂ ತಿಳಿಸಿದರು. ಜಿಗಣೆಗಳಿಗಾಗಿ ಉಪ್ಪಿನ ಪೊಟ್ಟಣವನ್ನು ಸಂಸ್ಥೆಯವರೇ ಕೊಟ್ಟಿದ್ದರು, ಅದು ಬೇಕಾಯಿತು.

ದಾರಿಯಲ್ಲಿ ಅವರು ತೋರಿಸಿದ ಮುರುಗಲು ಮರವನ್ನು ಮಧ್ಯಾಹ್ನ ಮತ್ತೆ ನೆನೆಯುವಂತಾಯಿತು. ಮಾಪ್ಸಾ ಹತ್ತಿರದ ಊಟದಲ್ಲಿ ಬಡಿಸಿದ ಸೋಲ್ ಕಡಿ ಅದೇ ಹಣ್ಣಿನ ಸಿಪ್ಪೆ ಮತ್ತು ತೆಂಗಿನ ಹಾಲಿನದು. ಮೀನು ತಿನ್ನುವವರು ಊಟವನ್ನು ಬಹುವಾಗಿ ಮೆಚ್ಚಿದರು. ಸಸ್ಯಾಹಾರಿಗಳಿಗೆ ಅನ್ನ, ಸಾರು, ಒಂದು ಪಲ್ಯ ಮಾತ್ರ ಇದ್ದುದರಿಂದ ಮನೆಯಿಂದ ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಬಿಚ್ಚಬೇಕಾಯಿತು.

ಕಡಲಿನ ಭಾಗದ ಬಗ್ಗೆ ಇದೇ ಸಂತೋಷದಿಂದ ಬರೆಯಲಾರೆ. ಮಾರ್ಗದರ್ಶಕರು ಚೋರ್ಲಾದಲ್ಲಿಯೇ ಇಳಿದುಕೊಂಡರು. ಆಮೇಲಿನದು ಬರಿಯ ಸಾಗಣೆ. ಕಾರ್ಯಕ್ರಮದ ಪಟ್ಟಿಯಲ್ಲಿ ಚಪೋರಾ, ವಾಗಾತೋರ್, ಆಂಜುನಾ, ಅಗ್ವಾದ ಎಂದು ಕೋಟೆ, ಕಡಲತೀರಗಳ ನಾಲ್ಕು ಹೆಸರುಗಳಿದ್ದವು. ಚಪೋರಾ ತಲುಪಿದ್ದೇ ಎರಡೂ ಮುಕ್ಕಾಲಿಗೆ. ಕತ್ತಲಾಗುವ ಮುನ್ನ ಘಟ್ಟದ ಬುಡವನ್ನಾದರೂ ಸೇರಬೇಕೆಂದರೆ ನಾಲ್ಕರಲ್ಲಿ ಎರಡನ್ನು ಬಿಡದೆ ಗತ್ಯಂತರವಿಲ್ಲ, ಮತ್ತು ಇದು ಸಂಸ್ಥೆಯವರಿಗೆ ತಿಳಿಯದ ಲೆಕ್ಕವಲ್ಲ. ಆಗದ ನಾಲ್ಕನ್ನು ಬರೆದು ಎರಡನ್ನು ತೋರಿಸುವುದು ಸರಿಯಲ್ಲವೆಂದು ಅವರಿಗೂ ಹೇಳಿದ್ದೇನೆ.

ಚಪೋರಾ ಕೋಟೆಯ ಮೇಲೆ ಏನಿದೆ ಎಂದು ತಿಳಿಸುವವರೂ ಇರಲಿಲ್ಲ. ಸಡಿಲ ಜಂಬಿಟ್ಟಿಗೆ ಹರಳುಗಳ ಮೇಲೆ ಜಾರುತ್ತ ಹತ್ತಿದ ಬಳಿಕ ವಿಜಯಪುರದ ಗೆಳೆಯನೇ ಆ ಕೊರತೆಯನ್ನು ತುಂಬಿದ. ಈ ದಿಣ್ಣೆಯ ಮೇಲೆ ಮೊದಲು ಕೋಟೆ ಕಟ್ಟಿಸಿದವರು ಅವನೂರಿನ ಆದಿಲ್‌ಶಾಹಿಗಳು. ಶಹಾಪುರ ಎಂಬ ಹೆಸರೇ ಪೋರ್ಚುಗೀಸರ ಬಾಯಲ್ಲಿ ಚಪೋರಾ ಆಯಿತೆನ್ನುತ್ತಾರೆ. ಈಗ ಕಾಣುವ ಗೋಡೆಗಳು ಪೋರ್ಚುಗೀಸರು 1717ರಲ್ಲಿ ಎಬ್ಬಿಸಿದವು. ನಮ್ಮ ಬೆಳಗಾವಿಯಲ್ಲಿಯೂ ಒಂದು ಶಹಾಪುರವಿರುವುದರಿಂದ ಆ ಮಾತು ಮನಸ್ಸಿನಲ್ಲಿ ನಿಂತಿತು. ಕೋಟೆಯ ಉತ್ತರಕ್ಕೆ ನದಿಯ ಅಳಿವೆ, ಪಶ್ಚಿಮಕ್ಕೆ ತೆರೆದ ಕಡಲು, ಕೆಳಗೆ ಅಲೆಗಳು ಕೊರೆದು ಕರಿಗಟ್ಟಿದ ಬಂಡೆಗಳು. ವಾಗಾತೋರ್‌ನಲ್ಲಿ ಕೆಂಪು ಬಾವುಟ ಹಾರುತ್ತಿದ್ದ ಕಾರಣ ಯಾರೂ ನೀರಿಗಿಳಿಯಲಿಲ್ಲ. ಪಾಚಿ ಕಟ್ಟಿದ ಬಂಡೆಗಳಿಂದಲೂ ದೂರವೇ ಉಳಿದೆವು. ಹೋಗುವವರು ಚಪ್ಪಲಿಯನ್ನು ಬಿಟ್ಟು ಹಿಡಿತವಿರುವ ಬೂಟು ಹಾಕಿಕೊಳ್ಳಬೇಕು.

ಸಂಜೆ ಐದೂವರೆಗೆ ಮರಳಿ ಹೊರಟೆವು. ಘಟ್ಟದಲ್ಲಿ ಮಂಜು ದಟ್ಟವಾಗಿ ಹತ್ತು ಮಾರು ಮುಂದಿನ ದಾರಿಯೂ ಕಾಣದಿದ್ದಾಗ ಚಾಲಕರು ಹಾಡು ನಿಲ್ಲಿಸಿ, ತಿರುವು ತಿರುವಿಗೂ ಹಾರ್ನ್ ಹೊಡೆಯುತ್ತ ನಿಧಾನವಾಗಿ ಹತ್ತಿಸಿದರು. ಬೆಳಗಾವಿ ಮುಟ್ಟಿದಾಗ ರಾತ್ರಿ ಹತ್ತೂಕಾಲು.

ಡಿಸೆಂಬರ್‌ನಲ್ಲಿ ಇದೇ ಸಂಸ್ಥೆಯೊಡನೆ ಮತ್ತೆ ಹೋಗುವವರಿದ್ದೇವೆ. ಕಡಲಿನ ಕಡೆ ಚಪೋರಾ ಒಂದೇ ಸಾಕೆಂದೂ, ಮಾರ್ಗದರ್ಶಕರು ಸಂಜೆಯವರೆಗೆ ಜೊತೆಗಿರಬೇಕೆಂದೂ ಕೇಳಿದ್ದೇವೆ. ತಲಾ ನೂರು ರೂಪಾಯಿ ಹೆಚ್ಚಿಗೆ ತೆಗೆದುಕೊಂಡು ಒಪ್ಪಿದ್ದಾರೆ.