ತೋಟದ ದಾರಿಗೆ ಪಿಕಪ್: ಬಾಡಿ ಎತ್ತರಿಸುವುದೋ, ಹಿಂಬದಿ ಕತ್ತರಿಸುವುದೋ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆಯ ಅಡಿಕೆ ತೋಟಗಳು ಹೆಚ್ಚಾಗಿ ಗುಡ್ಡದ ಬುಡದಲ್ಲಿರುವುದರಿಂದ, ಮುರಕಲ್ಲು (ಕೆಂಪು ಕಲ್ಲು) ಕಡಿದು ಮಾಡಿದ ಇಳಿಜಾರಿನಲ್ಲೇ ಪಿಕಪ್ ಗೊಬ್ಬರ ಹೊತ್ತು ಇಳಿಯಬೇಕು, ಅಡಿಕೆ ಗೋಣಿ ಹೇರಿಕೊಂಡು ಹತ್ತಬೇಕು. ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋದ ಮೇಲೆ ಗಾಡಿಯ ಅಡಿಭಾಗ ಕಲ್ಲಿಗೆ ತಾಗದ ದಿನವೇ ಇರುವುದಿಲ್ಲ. ಇದಕ್ಕೆ ಇಲ್ಲಿನವರು ಸೂಚಿಸುವ ಮೂರು ಉಪಾಯಗಳನ್ನೂ ನಮ್ಮ ಗಾಡಿಯಲ್ಲಿ ಪರೀಕ್ಷಿಸಿದ್ದೇನೆ.

ಚಾಸಿಗೂ (ಗಾಡಿಯ ಅಡಿ ಚೌಕಟ್ಟಿಗೂ) ಬಾಡಿಗೂ ನಡುವೆ ಎರಡಿಂಚಿನ ಪ್ಯಾಕಿಂಗ್ ಕೊಟ್ಟು ಬಾಡಿ ಎತ್ತರಿಸುವುದು ಮೊದಲನೆಯದು. ಗಾಡಿ ನೋಡಲು ಎತ್ತರವಾಯಿತು, ಆದರೆ ಕಲ್ಲಿಗೆ ತಾಗುವ ಡಿಫರೆನ್ಷಿಯಲ್ (ಹಿಂಚಕ್ರಗಳ ನಡುವೆ ಕೆಳಗಿರುವ ಗಿಯರಿನ ಗುಂಡು) ಇದ್ದಲ್ಲೇ ಉಳಿಯಿತು. ಹೊರೆಯ ಭಾರ ಮೇಲಕ್ಕೆ ಸರಿದುದರಿಂದ ಓರೆ ದಾರಿಯಲ್ಲಿ ಓಲಾಟ ಹೆಚ್ಚಿತು. ಹೀಗೆ ಮಾಡಿ ಎಂದು ನಾನು ಯಾರಿಗೂ ಹೇಳಲಾರೆ.

ಡಿಫರೆನ್ಷಿಯಲ್ ಮೇಲೇರಬೇಕಾದರೆ ದೊಡ್ಡ ಟಯರ್ ಹಾಕಬೇಕು. 215/75 ಆರ್15 ಅಳತೆಯ ಟಯರಿನ ಬದಲಿಗೆ 235/75 ಆರ್15 ಹಾಕಿದಾಗ ಟಯರಿನ ವ್ಯಾಸ 30 ಮಿ.ಮೀ. ಹೆಚ್ಚುತ್ತದೆ, ನೆಲದಿಂದ ಸಿಗುವ ಎತ್ತರ ಅದರ ಅರ್ಧ, ಅಂದರೆ 15 ಮಿ.ಮೀ. ಮಾತ್ರ. ಲಾಭ ಸಣ್ಣದಾದರೂ ನಿಜವಾದದ್ದು. ಆದರೆ ಏರಿನಲ್ಲಿ ಎಳೆತ ತುಸು ಕುಗ್ಗುತ್ತದೆ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ.

ಮೂರನೆಯ ಉಪಾಯ, ಅಂದರೆ ಹಿಂಬದಿ ಕತ್ತರಿಸುವುದು, ನಮಗೆ ಸರಿಯೆಂದು ತಿಳಿದದ್ದು ದಾರಿಯನ್ನೇ ಬಗ್ಗಿ ನೋಡಿದಾಗ. ಇಳಿಜಾರು ಮುಗಿದು ಸಮತಟ್ಟು ಶುರುವಾಗುವ ಮೂಲೆಯಲ್ಲಿ, ಕೆಂಪು ಕಲ್ಲಿನ ಮೇಲೆ ಕಬ್ಬಿಣ ಉಜ್ಜಿದ ಕಪ್ಪು ಗೀರುಗಳಿದ್ದವು. ಅವಕ್ಕೆ ಸರಿಹೊಂದುವಂತೆ ಸ್ಟೆಪ್ನಿಯನ್ನು ಬಾಡಿಯಡಿ ತೂಗುವ ಹ್ಯಾಂಗರ್ ತಳದಲ್ಲಿ ಸವೆದು ಹೊಳೆಯುತ್ತಿತ್ತು. ನಮ್ಮಲ್ಲಿ ಹೆಚ್ಚು ತಾಗುತ್ತಿದ್ದುದು ನಡುಭಾಗವಲ್ಲ, ಬಾಲ. ಸ್ಟೆಪ್ನಿಯನ್ನು ಕ್ಯಾಬಿನ್ನಿನ ಹಿಂದಕ್ಕೆ ನಿಲ್ಲಿಸಿ, ಬಾಡಿಯ ಹಿಂದಿನ ಕೆಳ ಅಂಚನ್ನು ಓರೆಯಾಗಿ ಕತ್ತರಿಸಿ, ಒಳಗಿನಿಂದ ಆ್ಯಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಬೆಸೆಯಿಸಿದೆವು. ಹಿಂಚಕ್ರ ನೆಲ ಮುಟ್ಟುವಲ್ಲಿಂದ ಒಂದು ಮೀಟರ್ ಹಿಂದೆ 45 ಸೆಂ.ಮೀ. ಇದ್ದ ಎತ್ತರ 60 ಸೆಂ.ಮೀ. ಆಯಿತು, ಬಾಲ ತಾಗದೆ ದಾಟಬಹುದಾದ ಕೋನ ಸುಮಾರು 24 ಡಿಗ್ರಿಯಿಂದ 31 ಡಿಗ್ರಿಗೆ ಏರಿತು. ಅದೇ ಮೂಲೆಯನ್ನು ಈಗ ಪೂರ್ಣ ಹೊರೆಯಲ್ಲೂ ಸದ್ದಿಲ್ಲದೆ ದಾಟುತ್ತೇವೆ. ಸ್ಟೆಪ್ನಿ ಗೋಣಿಗಳ ಜಾಗವನ್ನು ಸ್ವಲ್ಪ ತಿನ್ನುತ್ತದೆ, ಅದು ಒಪ್ಪಬಹುದಾದ ನಷ್ಟ.

ಕಾನೂನಿನ ವಿಚಾರವನ್ನು ಹಗುರವಾಗಿ ಕಾಣಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ವಿವರಣೆಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಗ್ಯಾಸ್ ಕಟ್ಟರ್ ಹಚ್ಚುವ ಮೊದಲು ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ಯಾವುದಕ್ಕೆ ಅನುಮತಿ ಬೇಕೆಂದು ಖಚಿತಪಡಿಸಿಕೊಳ್ಳಿ. ಹಿಂಬದಿಯ ದೀಪ, ನಂಬರ್ ಪ್ಲೇಟ್ ಮತ್ತು ಹಿಂದಿನ ವಾಹನ ಅಡಿಗೆ ನುಗ್ಗದಂತೆ ತಡೆಯುವ ಅಡ್ಡಪಟ್ಟಿಯನ್ನು ಕಳಚಿಟ್ಟು ಓಡಿಸುವುದಂತೂ ಕೂಡದು.