ಪೆನ್ನಿಗೆ ಕಾವಿ ಕೆಂಪು: ಮೈಕಾ, ಇಂಕು, ಪೇಸ್ಟು, ನೆಲದ ಆಕ್ಸೈಡು

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಮೇಲಿನ ಕಾವಿ ಚಿತ್ರ ನೋಡಿದವರಿಗೆ ಆ ಕೆಂಪು ಗೊತ್ತಿರುತ್ತದೆ. ಬಿಳಿ ಗಾರೆಯ ಮೇಲೆ ಮಣ್ಣಿನ ಕೆಂಪು. ಮಿನುಗಿಲ್ಲ, ಒಳಗಿನದು ಕಾಣುವುದಿಲ್ಲ. ಆ ಬಣ್ಣದ ಪೆನ್ನು ಮಾಡಬೇಕು ಅಂತ ನನಗೆ ತುಂಬಾ ದಿನದ ಆಸೆ.

ಕಾರವಾರದಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಪುಟ್ಟ ಲೇತ್ ಇಟ್ಟುಕೊಂಡಿದ್ದೇನೆ. ರೆಸಿನ್ (ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಎರೆದು ಬ್ಲಾಂಕ್, ಅಂದರೆ ಕಡೆಯುವ ಮೊದಲಿನ ಗಟ್ಟಿ ತುಂಡು, ಮಾಡುತ್ತೇನೆ. ಅದಕ್ಕೆ ರಂಧ್ರ ಕೊರೆದು ಒಳಗೆ ಹಿತ್ತಾಳೆ ಕೊಳವೆ ಅಂಟಿಸಿ ಪೆನ್ನು ಕಡೆಯುತ್ತೇನೆ. ಈ ಮಳೆಗಾಲ ಎಪಾಕ್ಸಿ ಅನ್ನುವ ಒಂದೇ ರೆಸಿನ್‌ಗೆ ನಾಲ್ಕು ಬಗೆಯ ಬಣ್ಣ ಬೆರೆಸಿ ನೋಡಿದೆ. ಒಂದೊಂದು ಬ್ಲಾಂಕಿಗೆ 50 ಗ್ರಾಂ ರೆಸಿನ್, ಒಂದೇ ಅಚ್ಚು. ಪಾಲಿಯುರೆಥೇನ್ ರೆಸಿನ್ ಬೇಗ ಗಟ್ಟಿಯಾಗುತ್ತದೆ ನಿಜ, ಆದರೆ ನೀರಿನ ಪಸೆ ತಾಗಿದರೆ ನೊರೆ ಬರುತ್ತದೆ. ಕರಾವಳಿಯ ಜುಲೈ ತಿಂಗಳಲ್ಲಿ ಅದರ ಸಹವಾಸ ಬೇಡ ಅನ್ನಿಸಿತು.

ಮೊದಲು ಮೈಕಾ ಪುಡಿ. ಎಲ್ಲರೂ ಶುರು ಮಾಡುವುದು ಇದರಿಂದಲೇ. ಕಪ್ಪಿನಲ್ಲಿ ಕಲಸುವಾಗ ರೇಷ್ಮೆಯ ಹಾಗೆ ಚೆಂದ ಕಾಣುತ್ತದೆ. ಆದರೆ ಮೈಕಾ ಅಂದರೆ ಅಭ್ರಕದ ಸಣ್ಣ ಸಣ್ಣ ಹಾಳೆಗಳು. ರೆಸಿನ್ ಹರಿದ ಕಡೆಗೆ ಅವೂ ವಾಲುತ್ತವೆ, ವಾಲಿದ ದಿಕ್ಕಿಗೆ ಬೆಳಕು ಬೇರೆ ಬೇರೆ ಥರ ಹೊಡೆಯುತ್ತದೆ. ಹಾಗಾಗಿ ಎಷ್ಟು ಕಲಸಿದರೂ ಸುಳಿ ಸುಳಿಯಾಗಿಯೇ ಕಾಣುತ್ತದೆ. ಸುಳಿ ಬೇಕಾದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಒಂದೇ ಸಮ ಬಣ್ಣ ಬೇಕಾದರೆ ಇದು ದಾರಿಯಲ್ಲ.

ಆಲ್ಕೋಹಾಲ್ ಇಂಕು ಇದಕ್ಕೆ ತದ್ವಿರುದ್ಧ. ಎಲ್ಲಾ ಕಡೆ ಸಮನಾಗಿ ಬೆರೆಯಿತು, ಗಂಟಿಲ್ಲ, ತಳಕ್ಕೆ ಇಳಿದದ್ದೂ ಇಲ್ಲ. ಆದರೆ ಪೂರ್ತಿ ಪಾರದರ್ಶಕ. ಅಚ್ಚಿನಿಂದ ತೆಗೆದಾಗ ಥೇಟ್ ಮುರುಗಲು ಪಾನಕ. ಕಡೆದು ತೆಳುವಾದ ಮೇಲೆ ಒಳಗಿನ ಹಿತ್ತಾಳೆ ಕೊಳವೆ ಪೂರ್ತಿ ಕಂಡಿತು, ಅಂಟು ಹಿಡಿಯದ ಜಾಗ ಕೂಡ. ಇನ್ನಷ್ಟು ಹನಿ ಹಾಕಿದರೆ ಬಣ್ಣ ಕಪ್ಪಾಗುತ್ತದೆಯೇ ಹೊರತು ದಟ್ಟವಾಗುವುದಿಲ್ಲ.

ಮೂರನೆಯದು ಎಪಾಕ್ಸಿಗೆಂದೇ ಸಿಗುವ ಪಿಗ್ಮೆಂಟ್ ಪೇಸ್ಟ್. ಬಣ್ಣವನ್ನು ಮೊದಲೇ ನುಣ್ಣಗೆ ಅರೆದು ರೆಸಿನ್‌ನಲ್ಲಿ ಕಲಸಿಟ್ಟಿರುತ್ತಾರೆ. ಒಂದೂವರೆ ಗ್ರಾಂ ಹಾಕಿದೆ, ಎರಡೇ ನಿಮಿಷದಲ್ಲಿ ಕಪ್ಪಿನ ತಳ ಕಾಣದ ಹಾಗಾಯಿತು. ಬ್ಲಾಂಕನ್ನು ಮಧ್ಯಕ್ಕೆ ಕೊಯ್ದು ನೋಡಿದೆ: ತುದಿಯಿಂದ ತುದಿಗೆ ಒಂದೇ ಬಣ್ಣ. ಇಲ್ಲಿಯ ಫೈಬರ್ ದೋಣಿ ಮಾಡುವವರ ಹತ್ತಿರವೂ ಪೇಸ್ಟ್ ಇರುತ್ತದೆ, ಆದರೆ ಅದು ಪಾಲಿಯೆಸ್ಟರ್ ರೆಸಿನ್‌ಗೆ ಮಾಡಿದ್ದು. ಎಪಾಕ್ಸಿಗೆ ಎಪಾಕ್ಸಿಯದೇ ತಗೊಳ್ಳಿ. ನನಗಿದ್ದ ಕೊರತೆ ಒಂದೇ: ಆ ಕೆಂಪು ಅಂಗಡಿಯ ಕೆಂಪು, ಕಾವಿ ಅಲ್ಲ.

ಆಗ ನೆನಪಾದದ್ದು ಶಿರಸಿಯ ಅಜ್ಜನಮನೆಯ ಕೆಂಪು ನೆಲ. ಸಿಮೆಂಟಿಗೆ ಹಾಕುವ ರೆಡ್ ಆಕ್ಸೈಡ್ ಪುಡಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದು ಕಬ್ಬಿಣದ ಆಕ್ಸೈಡು. ನಮ್ಮ ಚಿರೆಕಲ್ಲು ಕೆಂಪಗಿರುವುದೂ ಅದರಿಂದಲೇ. ಬೆಳಕನ್ನು ಒಳಗೆ ಬಿಡುವುದಿಲ್ಲ, ಬಿಸಿಲಿಗೆ ಮಾಸುವುದೂ ಇಲ್ಲ.

ಮೊದಲ ಸಲ ಪುಡಿಯನ್ನು ಸೀದಾ ಕಪ್ಪಿಗೆ ಸುರಿದೆ. ಗಟ್ಟಿಯಾದ ಮೇಲೆ ಕಡೆದರೆ ರಾಗಿ ಕಾಳಿನಷ್ಟು ದಪ್ಪದ ಗಂಟುಗಳು. ಉಳಿಯ ತುದಿ ತಾಗಿದಲ್ಲೆಲ್ಲ ಗಂಟು ಒಡೆದು ಸಣ್ಣ ಗುಳಿ ಬಿತ್ತು, ಒಳಗೆ ಒಣ ಪುಡಿ ಹಾಗೇ ಕೂತಿತ್ತು. ಜೊತೆಗೆ ಬ್ಲಾಂಕಿನ ಒಂದು ಬದಿ ದಟ್ಟ, ಇನ್ನೊಂದು ಬದಿ ತೆಳು. ಆಕ್ಸೈಡು ರೆಸಿನ್‌ಗಿಂತ ತುಂಬಾ ಭಾರ, ನಿಧಾನ ಗಟ್ಟಿಯಾಗುವ ಎಪಾಕ್ಸಿಯಲ್ಲಿ ತಳಕ್ಕೆ ಇಳಿಯುತ್ತದೆ.

ಎರಡನೇ ಸಲ ಪುಡಿಯನ್ನು ಬಲ್ಬಿನ ಕೆಳಗೆ ಇಡೀ ದಿನ ಒಣಗಿಸಿದೆ. ತೆಳು ಬಟ್ಟೆಯಲ್ಲಿ ಸೋಸಿದೆ. ಎರಡು ಗ್ರಾಂ ತೂಗಿ, ಹಾರ್ಡನರ್ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಹಾಕದ ರೆಸಿನ್ ಹನಿ ಹನಿಯಾಗಿ ಬಿಟ್ಟು ಗಾಜಿನ ಮೇಲೆ ಪುಟ್ಟಿ ಬ್ಲೇಡಿನಲ್ಲಿ ತಿಕ್ಕಿದೆ, ಚಟ್ನಿ ಅರೆದ ಹಾಗೆ. ಬ್ಲೇಡಿನ ಕೆಳಗೆ ಕರಕರ ಅನ್ನುವುದು ನಿಲ್ಲುವವರೆಗೆ ಬಿಡಲಿಲ್ಲ, ಹತ್ತು ನಿಮಿಷ ಹಿಡಿಯಿತು. ಪುಡಿ ತಳಕ್ಕೆ ಇಳಿಯಬಾರದು ಅಂತ ಹಾರ್ಡನರ್ ಬೆರೆಸಿದ ಮೇಲೂ ಕೂಡಲೇ ಎರೆಯಲಿಲ್ಲ. ಆಗಾಗ ತಿರುಗಿಸುತ್ತಾ, ಜೇನುತುಪ್ಪದ ಹದಕ್ಕೆ ಬಂದ ಮೇಲೆ ಅಚ್ಚಿಗೆ ಬಿಟ್ಟೆ. ಈ ಹದ ತಪ್ಪಬಾರದು. ತಡವಾದರೆ ಗಾಳಿಗುಳ್ಳೆ ಒಳಗೇ ಸಿಕ್ಕಿಕೊಳ್ಳುತ್ತದೆ, ಕಪ್ಪಿನಲ್ಲಿ ಬಿಸಿಯೇರಿ ಸಟ್ಟನೆ ಗಟ್ಟಿಯಾಗುವ ಭಯವೂ ಇದೆ.

ಈ ಸಲ ಬಂತು. ಕೊಯ್ದ ಮುಖದ ಮೇಲೆ ಬೆರಳಾಡಿಸಿದರೆ ಗುಳಿ ಇಲ್ಲ, ಬಣ್ಣದಲ್ಲಿ ಏರುಪೇರಿಲ್ಲ. ಅಜ್ಜಿಗೆ ತೋರಿಸಿದೆ. "ತಮಾ, ನಮ್ಮನೆ ಜಗಲಿ ಬಣ್ಣ ಅಲ್ದನೋ ಇದು" ಅಂದರು.

ಪೇಸ್ಟ್ ಆಗಲಿ ಆಕ್ಸೈಡ್ ಆಗಲಿ, ತೆಳು ಪೆನ್ನಿನಲ್ಲಿ ಇನ್ನೊಂದು ಕೆಲಸ ಬಾಕಿ ಇರುತ್ತದೆ. 7 ಮಿಲಿಮೀಟರ್ ಕೊಳವೆಯ ಪೆನ್ನಿನಲ್ಲಿ ತುದಿಯ ಹತ್ತಿರ ಕೊಳವೆಯ ಮೇಲೆ ಉಳಿಯುವ ರೆಸಿನ್ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಲ್ಲಿ ದಟ್ಟ ಬಣ್ಣವೂ ಹಿತ್ತಾಳೆಯ ಹೊಳಪನ್ನು ಸ್ವಲ್ಪ ಬಿಟ್ಟುಕೊಡಬಹುದು. ಕೊಳವೆಗೆ ಬಣ್ಣ ಹಚ್ಚಿ ತೂರಿಸಿದರೆ ಗೀರು ಬೀಳುತ್ತದೆ. ಹಾಗಾಗಿ ರಂಧ್ರದ ಒಳಗೋಡೆಗೇ ಅಕ್ರಿಲಿಕ್ ಬಣ್ಣ ಹಚ್ಚಿ ಒಣಗಿಸುತ್ತೇನೆ. ಕೊಳವೆ ಅಂಟಿಸುವ ಎಪಾಕ್ಸಿಗೂ ಚಿಟಿಕೆ ಆಕ್ಸೈಡು ಸೇರಿಸುತ್ತೇನೆ. ಪುಡಿ ಸೋಸುವಾಗ, ಬ್ಲಾಂಕ್ ಕಡೆಯುವಾಗ ಮಾಸ್ಕ್ ತಪ್ಪದೆ ಹಾಕಿಕೊಳ್ಳಿ.

ನೀಲಿ, ಬಿಳಿ ಬೇಕಾದಾಗ, ಅಥವಾ ಒಂದೇ ಸಂಜೆಯಲ್ಲಿ ಕೆಲಸ ಮುಗಿಯಬೇಕಾದಾಗ ನಾನು ಪೇಸ್ಟ್ ಡಬ್ಬಿಯನ್ನೇ ತೆಗೆಯುತ್ತೇನೆ. ಮಣ್ಣಿನ ಬಣ್ಣ ಬೇಕಾದರೆ ಆಕ್ಸೈಡು. ಅದೇ ಅಂಗಡಿಯಲ್ಲಿ ಹಳದಿ ಆಕ್ಸೈಡೂ ಸಿಕ್ಕಿತು. ಸದ್ಯ ಬಲ್ಬಿನ ಕೆಳಗೆ ಒಣಗುತ್ತಾ ಇದೆ.