ಗಂಟಲಮಾರಿಯಿಂದ ರಕ್ಷಣೆಯ ಅಳತೆ: ಕಾರ್ಡೋ, ರಕ್ತವೋ?

ಮಕ್ಕಳಿಗೆ ಗಂಟಲಮಾರಿಯಿಂದ, ಅಂದರೆ ಡಿಫ್ತೀರಿಯಾದಿಂದ, ಎಷ್ಟು ರಕ್ಷಣೆಯಿದೆ ಎಂದು ಅಧ್ಯಯನ ಮಾಡಲು ಲಸಿಕೆ ಕಾರ್ಡುಗಳ ಮನೆಮನೆ ಸಮೀಕ್ಷೆ, ಎಲಿಸಾ (ರಕ್ತದಲ್ಲಿನ ಪ್ರತಿಕಾಯಗಳನ್ನು ಅಳೆಯುವ) ರಕ್ತಪರೀಕ್ಷೆ, ವೀರೋ ಜೀವಕೋಶಗಳ (ಪ್ರಯೋಗಾಲಯದಲ್ಲಿ ಬೆಳೆಸುವ ಕೋತಿಯ ಮೂತ್ರಪಿಂಡದ ಜೀವಕೋಶಗಳ) ಪರೀಕ್ಷೆ ಇವುಗಳಲ್ಲಿ ಯಾವುದು ಸೂಕ್ತವೆಂದು ಕೇಳಿದ್ದೀರಿ.

ಖರ್ಚಿನಲ್ಲಿ ಸಮೀಕ್ಷೆಯೇ ಹಗುರ. ಆದರೆ ಅದು ಡೋಸು ಸಿಕ್ಕಿತೇ ಎಂಬುದನ್ನಷ್ಟೇ ಹೇಳುತ್ತದೆ. ಕಾರ್ಡು ಕಳೆದಿದ್ದರೆ ತಾಯಿಯ ನೆನಪನ್ನೇ ನಂಬಬೇಕಾಗುತ್ತದೆ.

ನಿಖರತೆಯ ವಿಚಾರ ಹೆಚ್ಚು ಸೂಕ್ಷ್ಮವಾದದ್ದು. ರಕ್ತದ್ರವದ ಪ್ರತಿ ಮಿಲಿಲೀಟರಿನಲ್ಲಿ ಪ್ರತಿವಿಷವು, ಅಂದರೆ ಗಂಟಲಮಾರಿ ರೋಗಾಣುವಿನ ವಿಷವನ್ನು ತಡೆಯುವ ಪ್ರತಿಕಾಯವು, 0.1 ಅಂತರರಾಷ್ಟ್ರೀಯ ಯೂನಿಟ್ ಇದ್ದರೆ ಪೂರ್ಣ ರಕ್ಷಣೆಯೆಂದೂ 0.01ಕ್ಕಿಂತ ಕಡಿಮೆಯಿದ್ದರೆ ರಕ್ಷಣೆಯಿಲ್ಲವೆಂದೂ ಪರಿಗಣಿಸುತ್ತಾರೆ. ಹೆಚ್ಚು ಮಾದರಿಗಳನ್ನು ಬೇಗ ಮುಗಿಸುವ ಎಲಿಸಾ 0.1ಕ್ಕಿಂತ ಕೆಳಗಿನ ಮಟ್ಟದಲ್ಲೇ ಎಡವುತ್ತದೆ. ಅಲ್ಲಿ ನಂಬತಕ್ಕದ್ದು, ವಿಷವನ್ನು ರಕ್ತದ್ರವವು ನಿಜವಾಗಿ ತಡೆಯುತ್ತದೆಯೇ ಎಂದು ನೋಡುವ ವೀರೋ ಪರೀಕ್ಷೆ. ಅದಕ್ಕೆ ಜೀವಕೋಶ ಬೆಳೆಸುವ ಪ್ರಯೋಗಾಲಯವೂ ಹಲವು ದಿನಗಳೂ ಬೇಕು.

ಲಸಿಕೆ ತಲುಪದ ಹಳ್ಳಿಗಳನ್ನು ಗುರುತಿಸಲು ಸಮೀಕ್ಷೆ ಸಾಕು. 5-6 ವರ್ಷದ ಬೂಸ್ಟರಿನ ನಂತರ ಉಳಿದಿರುವ ರಕ್ಷಣೆಯೇ ನಿಮ್ಮ ಪ್ರಶ್ನೆಯಾದರೆ, ಎಲ್ಲರಿಗೂ ಎಲಿಸಾ ಮಾಡಿಸಿ, 0.1ಕ್ಕಿಂತ ಕೆಳಗಿನ ಮಾದರಿಗಳನ್ನು ಮಾತ್ರ ವೀರೋ ಪರೀಕ್ಷೆಗೆ ಕಳುಹಿಸುವುದು ನನಗೆ ಸರಿಯೆನಿಸುತ್ತದೆ.